ನಾಲ್ಕು ಸಮಾರಂಭ, ಒಂದು ಸೀರೆ

ಗುರುವಾದ ನನಗೆ ಒಂದು ದೊಡ್ಡ ಅನುಕೂಲವಿದೆ. ಮದುವೆಗೆ ಏನು ಹಾಕಿಕೊಂಡು ಹೋಗಬೇಕು ಎಂಬ ಚಿಂತೆ ನನಗಿಲ್ಲ. ಅದನ್ನು ಧರ್ಮಸಭೆಯೇ ನಿರ್ಧರಿಸಿಬಿಟ್ಟಿದೆ. ತಪಸ್ಸುಕಾಲಕ್ಕೆ ನೇರಳೆ, ಹುತಾತ್ಮರ ಹಬ್ಬಕ್ಕೆ ಕೆಂಪು, ಸಾಧಾರಣ ಕಾಲಕ್ಕೆ ಹಸಿರು, ವಿವಾಹದ ಬಲಿಪೂಜೆಗೆ ಬಿಳಿ. ಸಕ್ರಿಸ್ತಿಯ ಬೀರು ತೆಗೆದರೆ ಮುಗಿಯಿತು! ಹೀಗಾಗಿ, ನಮ್ಮ ಧರ್ಮಕೇಂದ್ರದ ತಾಯಂದಿರು ಮದುವೆಗೆ ಒಂದು ತಿಂಗಳು ಮೊದಲೇ ಸೀರೆ, ರವಿಕೆ ಎಂದು ತಲೆಕೆಡಿಸಿಕೊಳ್ಳುವುದನ್ನು ಕಂಡು ನಾನು ಒಳಗೊಳಗೇ ನಗುತ್ತಿದ್ದೆ. ನಮ್ಮ ಮನೆಯಲ್ಲೇ ಒಂದು ಮದುವೆ ಬಂದಾಗ ಆ ನಗು ನಿಂತಿತು.

ನನ್ನ ಅಕ್ಕನನ್ನು ಕೊಯಮತ್ತೂರಿಗೆ ಕೊಟ್ಟಿದ್ದೇವೆ. ಮನೆ ಇರುವುದು ಉಕ್ಕಡಂನಲ್ಲಿ. ಕೊಳ್ಳೇಗಾಲದವರಾದ ನಮಗೆ ಕೊಯಮತ್ತೂರು ಪರಊರೇನಲ್ಲ. 1956ರ ನವೆಂಬರ್ 1ರವರೆಗೆ ಕೊಳ್ಳೇಗಾಲ ತಾಲೂಕು ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ನಮ್ಮ ತಾತನ ಕಾಲದವರು ಜಿಲ್ಲಾ ಕಚೇರಿಯ ಕೆಲಸಕ್ಕೆ ದಿಂಬಂ ಘಾಟಿ ಇಳಿದು ಅಲ್ಲಿಗೇ ಹೋಗಬೇಕಿತ್ತು. ಭಾವನವರು ಒಪ್ಪಣಕಾರ ಬೀದಿಯ ಬಟ್ಟೆ ಅಂಗಡಿಯೊಂದರ ಸೀರೆ ವಿಭಾಗದಲ್ಲಿ ಇಪ್ಪತ್ತೈದು ವರ್ಷಗಳಿಂದ ಕೆಲಸ ಮಾಡುತ್ತಿದ್ದಾರೆ. ಅವರ ಒಬ್ಬಳೇ ಮಗಳ ಮದುವೆ ಈಸ್ಟರ್ ಕಳೆದ ಮೇಲೆ ಗೊತ್ತಾಯಿತು. ಪೂಜೆ ಅರ್ಪಿಸುವ ಭಾಗ್ಯ ನನ್ನದು.

ಕರೆಯೋಲೆ ನನ್ನ ಮೊಬೈಲಿಗೆ ಬಂತು. ಗುರುವಾರ ಹಳದಿ ಶಾಸ್ತ್ರ, ಶುಕ್ರವಾರ ಸಂಗೀತ್, ಶನಿವಾರ ಬೆಳಿಗ್ಗೆ ಚರ್ಚಿನಲ್ಲಿ ವಿವಾಹ, ಸಂಜೆ ರಿಸೆಪ್ಷನ್. ಅದರ ಕೆಳಗೆ ಬಣ್ಣಬಣ್ಣದ ಒಂದು ಪಟ್ಟಿ. ಹಳದಿಗೆ ಎಲ್ಲರೂ ಹಳದಿ ಬಟ್ಟೆ, ಸಂಗೀತ್‌ಗೆ ಕಡುಹಸಿರು, ಚರ್ಚಿಗೆ ತಿಳಿಬಣ್ಣ, ರಿಸೆಪ್ಷನ್‌ಗೆ ಮಿನುಗುವ ಬಟ್ಟೆ. ನನಗೆ ಯಾವ ತೊಂದರೆಯೂ ಇರಲಿಲ್ಲ. ಚೆನ್ನಾಗಿದೆ ಎಂದು ಉತ್ತರ ಬರೆದು ಮರೆತೆ.

ಒಂದು ವಾರದ ನಂತರ ಊರಿಗೆ ಹೋದಾಗ ದೊಡ್ಡಮ್ಮನನ್ನು ನೋಡಲು ಹೋದೆ. ನಮ್ಮ ತಾಯಿ ಬೇಗ ತೀರಿಕೊಂಡರು. ಅಕ್ಕನ ಹೆರಿಗೆಗೆ ಉಕ್ಕಡಂಗೆ ಹೋಗಿ, ಮೂರು ತಿಂಗಳು ನಿಂತು ಬಾಣಂತನ ಮಾಡಿದವರು ಈ ದೊಡ್ಡಮ್ಮ. ಮದುಮಗಳಿಗೆ ಮೊದಲ ಸ್ನಾನ ಮಾಡಿಸಿದ ಕೈ ಅವರದು. ರೇಷ್ಮೆ ಹುಳುವಿಗೆ ಸೊಪ್ಪು ಕೊಯ್ಯುವ ಕೂಲಿಯಲ್ಲೇ ಬದುಕು ಸಾಗಿಸಿದವರು.

“ಮದುವೆಗೆ ಜೊತೆಯಲ್ಲೇ ಹೋಗೋಣ ದೊಡ್ಡಮ್ಮ” ಎಂದೆ.

“ನಂಗ ಮಂಡಿ ನೋವು ಕನಪ್ಪ ಸ್ವಾಮಿ. ಅಷ್ಟು ದೂರ ಬರಾಕ ಆಯ್ತದಾ? ನೀವು ಹೋಗಿ ಬನ್ನಿ, ನಾನು ಇಲ್ಲೇ ಜಪಸರ ಮಾಡ್ತೀನಿ” ಎಂದರು.

ಹಿಂದಿನ ಭಾನುವಾರವಷ್ಟೇ ಅವರು ಪೂಜೆಗೆ ಒಂದೂವರೆ ಮೈಲಿ ನಡೆದು ಬಂದಿದ್ದರೆಂದು ನನಗೆ ಗೊತ್ತಿತ್ತು. ಸುಮ್ಮನೆ ಕುಳಿತೆ. ಕಾಫಿ ಕೊಡುತ್ತಾ ಅವರೇ ನೆಲ ನೋಡಿಕೊಂಡು ಹೇಳಿದರು: “ಪಕ್ಕದ ಮನೆ ಹುಡುಗ ಫೋನ್‌ನಲ್ಲಿ ಓದಿ ಹೇಳಿದ. ನಾಕು ಸಮಾರಂಭಕ್ಕ ನಾಕು ಬಣ್ಣ ಅಂತ. ನನ್ನ ತಾವ ಇರದು ನಿಮ್ಮ ಗುರುದೀಕ್ಷೆಗೆ ತಕ್ಕೊಟ್ಟ ಅದೊಂದೇ ರೇಷ್ಮೆ ಸೀರೆ. ಅಲ್ಲಿ ದೊಡ್ಡೋರ ನಡುವೆ ನಾನು ಹೋಗಿ ನಿಂತು, ಮಗಿಗೆ ಯಾಕ ಅವಮಾನ?”

ನಾನು ಚೆನ್ನಾಗಿದೆ ಎಂದು ಉತ್ತರ ಬರೆದಿದ್ದ ಪಟ್ಟಿಯೇ ಅದು.

ಅಂದು ರಾತ್ರಿ ಅಕ್ಕನ ಮಗಳಿಗೆ ಫೋನ್ ಮಾಡಿದೆ. ಮೊದಲು ಅವಳಿಗೆ ಬೇಸರವಾಯಿತು. “ಫೋಟೋ ಚೆನ್ನಾಗಿ ಬರುತ್ತೆ ಅಂತ ನನ್ನ ಗೆಳತಿಯರು ಮಾಡಿದ್ದು ಮಾವ. ಇದರಲ್ಲಿ ತಪ್ಪೇನಿದೆ?” ಎಂದಳು. ತಪ್ಪೇನೂ ಇಲ್ಲ ಎಂದೆ. ನಿನ್ನ ಅಜ್ಜಿ ಬರುವುದಿಲ್ಲವಂತೆ, ಅಷ್ಟೇ ಎಂದೆ. ಆ ಕಡೆಯಿಂದ ಬಹಳ ಹೊತ್ತು ಮಾತೇ ಬರಲಿಲ್ಲ.

ಮದುವೆಗೆ ಮೂರು ದಿನ ಇರುವಾಗ ನಾನು ಉಕ್ಕಡಂ ತಲುಪಿದೆ. ಪೆರಿಯಕುಳಂ ಕೆರೆ, ಮೀನು ಮಾರುಕಟ್ಟೆ, ಪಾಲಕ್ಕಾಡ್, ಪೊಳ್ಳಾಚಿ ಕಡೆಯ ಬಸ್ಸುಗಳು, 2024ರ ಆಗಸ್ಟ್‌ನಲ್ಲಿ ತೆರೆದ ಮೇಲ್ಸೇತುವೆ, ಇವೆಲ್ಲದರ ನಡುವೆ ಅಕ್ಕನ ಮನೆ. ಸುತ್ತಲೂ ಹಿಂದೂ, ಮುಸ್ಲಿಂ, ಕ್ರೈಸ್ತ ಮನೆಗಳು. ಅಲ್ಲಿನವರಿಗೆ ವರ್ಷಕ್ಕೆ ಮೂರೂ ಬಗೆಯ ಮದುವೆಗಳ ಕರೆ ಬರುತ್ತದೆ. ಬಟ್ಟೆಯ ವಿಷಯದಲ್ಲಿ ಭಾವನವರ ಸಲಹೆ ಕೇಳದೆ ಯಾರೂ ಹೊರಡುವುದಿಲ್ಲ.

ಮಧ್ಯಾಹ್ನ ಅಂಗಡಿಗೆ ಹೋದೆ. ಸೀರೆ ಬಿಡಿಸುತ್ತಲೇ ಭಾವ ಹೇಳಿದರು: “ಸ್ವಾಮಿ, ಬಂದವರನ್ನು ನಾನು ಮೂರೇ ಪ್ರಶ್ನೆ ಕೇಳುತ್ತೇನೆ. ಸಮಾರಂಭ ಯಾವ ಹೊತ್ತಿಗೆ? ಅಲ್ಲಿ ನೀವು ಏನು ಮಾಡುತ್ತೀರಿ? ಮದುವೆ ಮುಗಿದ ಮೇಲೆ ಇದನ್ನು ಎಲ್ಲಿ ಉಡುತ್ತೀರಿ? ಈ ಮೂರಕ್ಕೆ ಉತ್ತರ ಸಿಕ್ಕರೆ ಸೀರೆ ತಾನಾಗಿ ಸಿಗುತ್ತದೆ.”

ನಮ್ಮ ಓದುಗ ಕುಟುಂಬಗಳಿಗೂ ಉಪಯೋಗವಾದೀತೆಂದು ಅವರು ಹೇಳಿದ್ದನ್ನು ಇಲ್ಲಿ ಬರೆಯುತ್ತೇನೆ.

ಹಳದಿ ಶಾಸ್ತ್ರ ಎಂಬುದು ಹೆಸರಿಗೆ ಹೊಸದು. ನಮ್ಮ ಅರಿಶಿನ ಶಾಸ್ತ್ರ, ತಮಿಳರ ನಲಂಗು, ಮಂಗಳೂರು ಕಡೆಯ ಕಥೋಲಿಕರು ತೆಂಗಿನ ಹಾಲು ಹಚ್ಚುವ ರೋಸ್, ಎಲ್ಲವೂ ಒಂದೇ ಬಳಗ. ಅಲ್ಲಿ ನೀವು ಹಚ್ಚುತ್ತೀರಿ, ಹಚ್ಚಿಸಿಕೊಳ್ಳುತ್ತೀರಿ. ಆದ್ದರಿಂದ ಒಗೆದು ಒಗೆದು ಮೆತ್ತಗಾದ ಹತ್ತಿ ಬಟ್ಟೆಯೇ ಸರಿ. ರೇಷ್ಮೆ ಬೇಡವೇ ಬೇಡ. ಅರಿಶಿನದ ಕಲೆಗೆ ಸೋಪು ತಗುಲಿದರೆ ಕೆಂಪಾಗುತ್ತದೆ. ಹೆದರಬೇಡಿ, ಹತ್ತಿಯನ್ನು ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿದರೆ ದಿನ ಕಳೆದಂತೆ ಮಾಸುತ್ತದೆ. ಇದಕ್ಕೆಂದೇ ಹೊಸ ಹಳದಿ ಸೀರೆ ಕೊಳ್ಳುವುದು ದಂಡ ಎಂಬುದು ಭಾವನ ಮಾತು. ಸೀರೆ ಮಾರಿ ಬದುಕುವವರೇ ಹೀಗೆ ಹೇಳುವಾಗ ನಂಬದಿರಲಾದೀತೇ?

ಸಂಗೀತ್ ಉತ್ತರದಿಂದ ಬಂದದ್ದು. ಹಾಡು, ಕುಣಿತ ಇರುತ್ತದೆ. ನೆರಿಗೆ ಕಾಲಿಗೆ ಸಿಗದ ಹಗುರ ಬಟ್ಟೆ ಸಾಕು. ಹುಡುಗಿಯರಿಗೆ ಚೂಡಿದಾರ್, ಹುಡುಗರಿಗೆ ಒಂದು ಕುರ್ತಾ. ಮೈತುಂಬ ಕಲ್ಲು ಮಣಿ ಹೊಲಿಸಿದ ಲೆಹಂಗಾ ಭಾರವೂ ಹೌದು, ಇನ್ನೊಮ್ಮೆ ತೊಡುವ ಸಂದರ್ಭ ಬರುವುದೂ ಕಡಿಮೆ. ಬೇಕೆಂದರೆ ಬಾಡಿಗೆಗೆ ಸಿಗುತ್ತದೆ.

ಚರ್ಚಿನ ವಿವಾಹಕ್ಕೆ ಎರಡು ವಿಷಯ ನೆನಪಿಡಬೇಕು. ಒಂದು, ಬಿಳಿ ಮದುಮಗಳದ್ದು. ಅತಿಥಿಗಳು ಅಚ್ಚ ಬಿಳಿ ಸೀರೆ, ಬಿಳಿ ಗೌನು ಬಿಟ್ಟರೆ ಒಳ್ಳೆಯದು. ಎರಡು, ಅಲ್ಲಿ ಕೂರಬೇಕು, ಏಳಬೇಕು, ಮೊಣಕಾಲೂರಬೇಕು. ಎದ್ದು ಕೂತು ಮಾಡುವಾಗ ಸರಿಪಡಿಸಿಕೊಳ್ಳುತ್ತಲೇ ಇರಬೇಕಾದ ಬಟ್ಟೆ ಹಾಕಿದರೆ ಮನಸ್ಸು ಪೂಜೆಯಲ್ಲಿ ನಿಲ್ಲುವುದಿಲ್ಲ. ಬೇಸಿಗೆಗೆ ರೇಷ್ಮೆ ನೂಲು, ಹತ್ತಿ ನೂಲು ಸೇರಿಸಿ ನೇಯ್ದ ಕೋವೈ ಕೋರಾ ಸೀರೆ ಹಿತ. ನೋಡಲು ರೇಷ್ಮೆಯ ಕಳೆ, ಉಟ್ಟರೆ ಹಗುರ. ಪೊಳ್ಳಾಚಿ ಹತ್ತಿರದ ನೆಗಮಂ ಹತ್ತಿ ಸೀರೆಯೂ ಅಷ್ಟೇ. ಅದನ್ನು ನೇಯುವ ದೇವಾಂಗ ನೇಕಾರರಲ್ಲಿ ಅನೇಕರ ಮನೆಮಾತು ಇಂದಿಗೂ ಕನ್ನಡ! ಗಂಡಸರಿಗೆ ಅಂಚಿನ ಪಂಚೆ, ಬಿಳಿ ಅಂಗಿಗಿಂತ ಒಳ್ಳೆಯ ಉಡುಪು ಬೇರಿಲ್ಲ. ಕೊಯಮತ್ತೂರಿನ ಏಪ್ರಿಲ್ ಸೆಖೆಯಲ್ಲಿ ಕೋಟು ತೊಟ್ಟವರ ಪಾಡು ನಾನು ಪೀಠದಿಂದಲೇ ನೋಡಿದ್ದೇನೆ.

ಹಿಂದೂ ನೆರೆಯವರ ಮುಹೂರ್ತಕ್ಕೆ ಹೋಗುವುದಾದರೆ ಮುಂಜಾನೆಗೆ ರೇಷ್ಮೆ ಶೋಭೆ. ಕಪ್ಪು ಹಾಗೂ ಅಂಚಿಲ್ಲದ ಬಿಳಿಯನ್ನು ಹಿರಿಯರು ಇಷ್ಟಪಡುವುದಿಲ್ಲ, ಅವರ ಮನಸ್ಸಿಗೆ ಬೆಲೆ ಕೊಡೋಣ. ದೀಪ, ಹೋಮದ ಹತ್ತಿರ ನೈಲಾನ್ ಸೆರಗು ಇಳಿಬಿಡಬಾರದು. ಮುಸ್ಲಿಂ ಮನೆಯ ನಿಕಾಹ್‌ಗೆ ತೋಳು ಮುಚ್ಚುವ ಉಡುಪು, ತಲೆಗೆ ಎಳೆದುಕೊಳ್ಳಲು ಒಂದು ಸೆರಗೋ ದುಪ್ಪಟ್ಟಾವೋ ಇದ್ದರೆ ಮನೆಯವರಿಗೆ ಸಂತೋಷ. ರಿಸೆಪ್ಷನ್‌ಗೆ ಮಾತ್ರ ನಿಮ್ಮ ಇಷ್ಟ. ರಾತ್ರಿಯ ದೀಪಕ್ಕೆ ಗಾಢ ಬಣ್ಣ ಒಪ್ಪುತ್ತದೆ. ಬೆಳಗಿನ ಸೀರೆಯನ್ನೇ ಉಟ್ಟು ಬಂದರೂ ಯಾರೂ ಲೆಕ್ಕ ಇಡುವುದಿಲ್ಲ.

“ಸೀರೆಗಿಂತ ಈಗ ರವಿಕೆಯೇ ದುಬಾರಿ ಸ್ವಾಮಿ” ಎಂದು ಭಾವ ನಕ್ಕರು. “ಆರಿ ಕೆಲಸ ಎಂದು ಸೀರೆಯ ಎರಡರಷ್ಟು ಕೊಡುತ್ತಾರೆ. ಸಾಲ ಮಾಡಿ ಬರುವವರೂ ಇದ್ದಾರೆ. ನನಗೆ ಮುಖ ನೋಡಿದರೆ ತಿಳಿಯುತ್ತದೆ.”

ಆ ರಾತ್ರಿ ಪ್ರಬೋಧನೆ ಸಿದ್ಧಪಡಿಸಲು ಕುಳಿತೆ. ಮತ್ತಾಯನ ಶುಭಸಂದೇಶದ 22ನೆಯ ಅಧ್ಯಾಯ ಬೇಡವೆಂದರೂ ಕಣ್ಣ ಮುಂದೆ ಬಂತು. ರಾಜಕುಮಾರನ ಮದುವೆಯ ಔತಣಕ್ಕೆ ದಾರಿಹೋಕರನ್ನೆಲ್ಲ ಕರೆತರುತ್ತಾರೆ. ಅವರಲ್ಲಿ ಮದುವೆಯ ಉಡುಪಿಲ್ಲದೆ ಬಂದವನೊಬ್ಬನನ್ನು ಹೊರಗೆ ಹಾಕುತ್ತಾರೆ. ಈ ಸಾಮತಿಯನ್ನು ನೆನೆದಾಗಲೆಲ್ಲ ನನಗೆ ಒಬ್ಬ ತಾಯಿಯ ನೆನಪು ಬರುತ್ತದೆ. ಇದುವರೆಗೆ ಎಲ್ಲಿಯೂ ಬರೆಯದ ಆ ವಿಷಯವನ್ನು ಇಂದು ಹೇಳಿಬಿಡುತ್ತೇನೆ.

ನಾನು ಗುರುವಾದ ಹೊಸತು. ಗುರುಮಠದಲ್ಲಿ ಕಲಿತದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಒಂದು ಮದುವೆಯ ಪೂಜೆಯಲ್ಲಿ ತೋಳಿಲ್ಲದ ರವಿಕೆ ತೊಟ್ಟ ಒಬ್ಬ ಹೆಂಗಸು ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದರು. ಪರಮಪ್ರಸಾದ ಹಂಚುವ ಮೊದಲು ಮೈಕಿನ ಮುಂದೆ ನಿಂತು, ಹೆಸರು ಹೇಳದಿದ್ದರೂ ಎಲ್ಲರೂ ಅತ್ತ ತಿರುಗುವಂತೆ, ದೇವಾಲಯಕ್ಕೆ ಹೇಗೆ ಬರಬೇಕೆಂದು ಬುದ್ಧಿ ಹೇಳಿದೆ. ಇದೇ ಸಾಮತಿಯನ್ನು ಎತ್ತಿ ಆಡಿದೆ. ಆಕೆ ಸೆರಗು ಹೊದ್ದು ಹೊರಗೆ ನಡೆದರು. ಊಟಕ್ಕೂ ನಿಲ್ಲಲಿಲ್ಲ.

ಆಕೆ ಮನೆಗೆಲಸ ಮಾಡುವವರೆಂದು ಸಂಜೆ ತಿಳಿಯಿತು. ಮದುಮಗಳ ತಾಯಿಯ ಬಾಲ್ಯದ ಗೆಳತಿ. ಮದುವೆಗೆ ಉಡುವಂಥದ್ದು ಇಲ್ಲವೆಂದು ತಾನು ಕೆಲಸ ಮಾಡುವ ಮನೆಯ ಯಜಮಾನಿಯಿಂದ ಸೀರೆ, ರವಿಕೆ ಎರವಲು ಕೇಳಿ ಪಡೆದಿದ್ದರು. ತೋಳಿಲ್ಲದ ರವಿಕೆ ಆ ಯಜಮಾನಿಯದು! ಮರುವಾರ ಕ್ಷಮೆ ಕೇಳಲು ಹೋದೆ. ಬಾಡಿಗೆ ಮನೆ ಖಾಲಿಯಾಗಿತ್ತು. ಎಲ್ಲಿಗೆ ಹೋದರೆಂದು ನೆರೆಯವರಿಗೂ ಗೊತ್ತಿರಲಿಲ್ಲ. ಆ ಕ್ಷಮೆಯನ್ನು ಇಂದಿಗೂ ಕೇಳಲಾಗಿಲ್ಲ.

ಸಂತ ಅಗಸ್ಟೀನರು ಮತ್ತು ಮಹಾ ಗ್ರೆಗೊರಿಯವರು ಸಾಮತಿಯ ಆ ಮದುವೆಯ ಉಡುಪೆಂದರೆ ಪ್ರೀತಿ ಎಂದು ವಿವರಿಸಿದ್ದಾರೆ. ಗುರುಮಠದಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದೂ ಇದ್ದೆ. ಹಾಗಾದರೆ ಆ ದಿನ ಮದುವೆಯ ಉಡುಪಿಲ್ಲದೆ ದೇವಾಲಯದಲ್ಲಿ ನಿಂತಿದ್ದವರು ಯಾರು? ನಾಲ್ಕನೆಯ ಸಾಲಿನಲ್ಲಿದ್ದ ಆ ತಾಯಿಯೋ, ಬಿಳಿ ಪೂಜಾವಸ್ತ್ರ ತೊಟ್ಟಿದ್ದ ನಾನೋ?

ಬುಧವಾರ ಸಂಜೆ ಬಾಗಿಲಲ್ಲಿ ಗದ್ದಲ. ನೋಡಿದರೆ ದೊಡ್ಡಮ್ಮ! ಮದುಮಗಳೇ ಯಾರಿಗೂ ಹೇಳದೆ ತನ್ನ ಚಿಕ್ಕಪ್ಪನ ಮಗನನ್ನು ಕಾರಿನಲ್ಲಿ ಕಳಿಸಿದ್ದಳು. ಫೋನಿನಲ್ಲಿ ಅಜ್ಜಿಗೆ ಆಕೆ ಹೇಳಿದ್ದು ಇಷ್ಟೇ: “ಅಜ್ಜಿ, ನನಗೆ ಮೊದಲ ಅರಿಶಿನ ನೀನೇ ಹಚ್ಚಬೇಕು. ನೀನು ಬರದಿದ್ದರೆ ಹಚ್ಚಿಸಿಕೊಳ್ಳುವುದೇ ಇಲ್ಲ.” ನೆಂಟರಿಗೆಲ್ಲ ಅವಳು ಇನ್ನೊಂದು ಸಂದೇಶ ಕಳಿಸಿದ್ದನ್ನು ಅಕ್ಕ ಆಮೇಲೆ ತೋರಿಸಿದಳು. ಬಣ್ಣದ ಪಟ್ಟಿ ಗೆಳತಿಯರಿಗೆ ಮಾತ್ರ, ಉಳಿದವರು ನಿಮಗೆ ಇಷ್ಟವಾದದ್ದನ್ನು ಉಟ್ಟು ಬನ್ನಿ ಎಂದಿತ್ತು. ಅದನ್ನು ಓದಿದ ಮೇಲೆ ಇನ್ನೂ ಐದಾರು ಮಂದಿ ಬರುತ್ತೇವೆಂದು ಫೋನ್ ಮಾಡಿದರಂತೆ. ದೊಡ್ಡಮ್ಮನಂತೆ ಮಂಡಿ ನೋವು ಇನ್ನೆಷ್ಟು ಮನೆಗಳಲ್ಲಿತ್ತೋ!

ಗುರುವಾರ ಅಂಗಳವೆಲ್ಲ ಹಳದಿ. ನಡುವೆ ಮಾಸಿದ ನೀಲಿ ಹತ್ತಿ ಸೀರೆಯ ದೊಡ್ಡಮ್ಮ. ಫೋಟೋ ತೆಗೆಯುವ ಹುಡುಗ ಸ್ವಲ್ಪ ಪಕ್ಕಕ್ಕೆ ನಿಲ್ಲಿ ಪಾಟ್ಟಿ ಎಂದ. ದೊಡ್ಡಮ್ಮ ಸರಿಯಲು ಹೊರಟರು. ಮದುಮಗಳು ಅರಿಶಿನದ ಕೈಯಲ್ಲೇ ಅವರ ಸೆರಗು ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ಬೆರಳಿನ ಐದೂ ಗುರುತು ಆ ನೀಲಿ ಸೀರೆಯ ಮೇಲೆ ಮೂಡಿದವು.

ಶನಿವಾರ ಸಂತ ಮೈಕೆಲರ ಪ್ರಧಾನಾಲಯದಲ್ಲಿ ದೊಡ್ಡಮ್ಮ ನನ್ನ ಗುರುದೀಕ್ಷೆಯ ಹಸಿರು ಕೊಳ್ಳೇಗಾಲದ ಸೀರೆಯಲ್ಲಿ ಮೊದಲ ಸಾಲಿನಲ್ಲಿದ್ದರು. ಸಂಜೆಯ ರಿಸೆಪ್ಷನ್‌ಗೂ ಅದೇ ಸೀರೆ. ಯಾರೂ ಲೆಕ್ಕ ಇಡಲಿಲ್ಲ. ಭಾವ ಹೇಳಿದ್ದು ನಿಜವಾಗಿತ್ತು.

ಮದುವೆ ಸಿದ್ಧತಾ ತರಗತಿಗೆ ಬರುವ ಜೋಡಿಗಳಿಗೆ ನಾನೀಗ ಒಂದು ಮಾತು ತಪ್ಪದೆ ಹೇಳುತ್ತೇನೆ. ಬಣ್ಣದ ಪಟ್ಟಿ ಮಾಡಿಕೊಳ್ಳಿ, ಸಂತೋಷಪಡಿ. ಆದರೆ ಕಳಿಸುವ ಮುನ್ನ, ನಿಮ್ಮ ನೆಂಟರಲ್ಲಿ ಅತ್ಯಂತ ಬಡವರೊಬ್ಬರನ್ನು ಮನಸ್ಸಿಗೆ ತಂದುಕೊಂಡು ಅವರ ಪೆಟ್ಟಿಗೆಯಲ್ಲಿ ಏನಿದೆ ಎಂದು ಯೋಚಿಸಿ. ಅತಿಥಿಗಳಾಗಿ ಹೋಗುವವರೂ ಅಷ್ಟೇ. ಸಾಲ ಮಾಡಬೇಡಿ, ಇಲ್ಲವೆಂದು ಮನೆಯಲ್ಲಿ ಉಳಿಯಲೂ ಬೇಡಿ. ಇದ್ದದ್ದನ್ನು ಒಗೆದು, ಇಸ್ತ್ರಿ ಮಾಡಿ, ಉಟ್ಟು ಹೋಗಿ.

ಊರಿಗೆ ಮರಳಿದ ಮೇಲೆ ದೊಡ್ಡಮ್ಮ ಆ ನೀಲಿ ಸೀರೆಯನ್ನು ಇನ್ನೂ ಒಗೆದಿಲ್ಲವಂತೆ. ಸೋಪು ಹಾಕಿದರೆ ಕಲೆ ಕೆಂಪಾಗುತ್ತದೆ, ಬಿಸಿಲಿಗೆ ಹಾಕಿದರೆ ಹೋಗುತ್ತದೆ ಎಂದು ಭಾವ ಹೇಳಿದ್ದಾರೆ. ಎರಡೂ ಬೇಡವೆಂದು ಹಾಗೇ ಮಡಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ.