ಬರದಲ್ಲಿ ಬೆಳೆದವರು

ನಮ್ಮ ವಾರಿಗೆಯ ವಿಜಾಪುರ ಸೀಮೆಯವರು ಇಬ್ಬರು ಎಲ್ಲಿಯೇ ಕೂಡಲಿ, ಮದುವೆ ಮನೆಯಲ್ಲಿರಲಿ, ಸೊಲ್ಲಾಪುರದ ರೈಲಿನಲ್ಲಿರಲಿ, ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ 1972ರ ಬರಕ್ಕೆ ಬಂದು ನಿಲ್ಲುತ್ತದೆ. "ನಿಮ್ಮೂರಾಗ ಬರಗಾಲದ ಕೆಲಸ ಎಲ್ಲಿ ನಡದಿತ್ತು?", "ನಿಮ್ಮ ಹಗೇವಿನ ಜೋಳ ಎಷ್ಟು ದಿನ ಬಂತು?" ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತೇವೆ. ಕೇಳುತ್ತ ಕೇಳುತ್ತ ಹತ್ತಿರವಾಗುತ್ತೇವೆ. ನಮ್ಮ ಮಕ್ಕಳಿಗೆ ಇದು ತಿಳಿಯುವುದಿಲ್ಲ. ಹಸಿದಿದ್ದ ದಿನಗಳನ್ನು ಇಷ್ಟು ಪ್ರೀತಿಯಿಂದ ಯಾಕೆ ನೆನೆಯುತ್ತೀರಿ ಎಂದು ಕೇಳುತ್ತಾರೆ. ಅವರಿಗೆ ಉತ್ತರ ಕೊಡಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮದು ಎರೆ ಭೂಮಿ. ಹದವಾದ ಮಳೆ ಬಿದ್ದರೆ ಸಾಕು, ಬಿಳಿಜೋಳ ಆಳೆತ್ತರ ಏಳುತ್ತದೆ. ‘ಡೋಣಿ ಬೆಳೆದರೆ ಓಣೆಲ್ಲ ಜೋಳ’ ಎಂಬ ಗಾದೆ ಹುಟ್ಟಿದ್ದು ಡೋಣಿ ನದಿಯ ಆ ಮಣ್ಣಿನ ಮೇಲಿನ ನಂಬಿಕೆಯಿಂದ. ಆದರೆ ಅದೇ ಡೋಣಿಯ ನೀರು ಉಪ್ಪು. ಕುಡಿಯುವುದಕ್ಕೂ ಬೆಳೆಯುವುದಕ್ಕೂ ಮುಗಿಲನ್ನೇ ನೋಡಬೇಕು. ಕೃಷ್ಣೆಗೆ ಆಲಮಟ್ಟಿಯಲ್ಲಿ ಅಣೆಕಟ್ಟು ಕಟ್ಟಲು 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿ ಹೋಗಿದ್ದರು. ಆ ನೀರು ನಮ್ಮ ಹೊಲಗಳ ಕಡೆಗೆ ತಿರುಗಲು ಇನ್ನೂ ದಶಕಗಳೇ ಬೇಕಿದ್ದವು. 1972ರಲ್ಲಿ ಮುಂಗಾರು ಕೈಕೊಟ್ಟಿತು. ಹಿಂಗಾರಿಯನ್ನಾದರೂ ನಂಬೋಣವೆಂದರೆ ಅದೂ ಬರಲಿಲ್ಲ. ಗಡಿಯಾಚೆ ಸೊಲ್ಲಾಪುರ, ಮರಾಠವಾಡಾ ಕಡೆಗೂ ಅದೇ ಗತಿ. ಗುಳೆ ಹೋಗುವುದಾದರೂ ಎಲ್ಲಿಗೆ?

ನಮ್ಮ ಸೀಮೆಯ ಹಿರಿಯರಿಗೆ ಬರ ಹೊಸದೇನಲ್ಲ. ಬಯಲ ತುಂಬ ತಲೆಬುರುಡೆಗಳು ಬಿದ್ದಿದ್ದ ಡೋಗಿ ಬರದ ಕಥೆಯನ್ನು ಅವರು ತಮ್ಮ ಹಿರಿಯರಿಂದ ಕೇಳಿದ್ದರು. 1876ರಿಂದ 78ರವರೆಗಿನ ದೊಡ್ಡ ಬರದ ಮಾತನ್ನೂ ಕೇಳಿದ್ದರು. ಹೋಟಗಿಯಿಂದ ಗದಗಿಗೆ ರೈಲು ಹಾಕಿದ್ದು ಆ ಬರ ಕಂಡ ಮೇಲೆಯೇ. ಇನ್ನೊಮ್ಮೆ ಹಾಗಾದರೆ ಕಾಳು ತರಲು ದಾರಿಯಾದರೂ ಇರಲಿ ಎಂದು.

ನಮ್ಮ ಮನೆಯ ಅಂಗಳದಲ್ಲಿ ಹಗೇವು ಇತ್ತು. ಈಗಿನವರು ನೋಡಿರಲಿಕ್ಕಿಲ್ಲ. ನೆಲದೊಳಗೆ ಅಗೆದ ಕಾಳಿನ ಕಣಜ ಅದು. ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಒಳಗೆ ಹೋದಂತೆ ಅಗಲ. ಗೋಡೆಗೆ ಕಣಿಕೆ, ಹೊಟ್ಟು ಒತ್ತಿ, ಜೋಳ ತುಂಬಿ, ಮೇಲೆ ಹಾಸುಗಲ್ಲು ಮುಚ್ಚಿ ಮಣ್ಣು ಹಾಕಿಬಿಟ್ಟರೆ ವರ್ಷಗಟ್ಟಲೆ ಇರುತ್ತದೆ. ಕಲ್ಲು ಸರಿಸಿದ ಕೂಡಲೇ ಇಳಿಯುವಂತಿಲ್ಲ. ಒಳಗೆ ಕಟ್ಟಿಕೊಂಡ ಗಾಳಿ ಆಳನ್ನು ಕೊಲ್ಲುತ್ತದೆ. ಬಾಯಿ ತೆರೆದಿಟ್ಟು ಕಾಯಬೇಕು. ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು. ದೀಪ ಆರದೆ ನಿಂತರೆ ಮಾತ್ರ ಮನುಷ್ಯ ಇಳಿಯಬೇಕು. ಆ ಬರದ ವರ್ಷ ನಮ್ಮ ಮುತ್ಯಾ, ಅಂದರೆ ಅಜ್ಜ, ಕಂದೀಲು ಬಿಟ್ಟಾಗ ಓಣಿಯ ಮಂದಿ ಸುತ್ತುಗಟ್ಟಿ ನಿಂತಿದ್ದರು. ಮೊದಲ ಸಲ ದೀಪ ಆರಿತು. ಕಾದು ಮತ್ತೆ ಬಿಟ್ಟಾಗ ಉರಿಯಿತು. ಮೇಲೆ ಬಂದ ಜೋಳಕ್ಕೆ ಮುಗ್ಗಲು ವಾಸನೆ. ಗೋಡೆಗೆ ಹತ್ತಿದ್ದ ಕಾಳು ಕರ್ರಗಾಗಿ ಹೆಪ್ಪುಗಟ್ಟಿತ್ತು, ನಡುವಿನದು ಚೆನ್ನಾಗಿತ್ತು.

ಮನೆಗೆ ಇಷ್ಟು ಎಂದು ಎತ್ತಿಟ್ಟು, ಉಳಿದದ್ದನ್ನು ಮುತ್ಯಾ ಸೇರಿನಿಂದ ಅಳೆದು ಓಣಿಯವರಿಗೆ ಕೊಡುತ್ತ ಕುಳಿತರು. ಅವ್ವನಿಗೆ ಕಳವಳ. ಸೆರಗು ಸರಿಮಾಡಿಕೊಂಡು ಬಾಗಿಲ ಮರೆಯಿಂದಲೇ, "ಮಾವಾರ, ಮಕ್ಕಳ ಹೊಟ್ಟೀನೂ ನೋಡ್ರಿ" ಎಂದಳು. "ನೋಡೇ ಕೊಡ್ಲಾಕತ್ತೀನವ್ವಾ. ಓಣಿ ಉಪಾಸ ಮಲಗಿದ್ರ ನಮ್ಮ ಮಕ್ಕಳಿಗೆ ಉಂಡದ್ದು ದಕ್ಕಂಗಿಲ್ಲ" ಎಂದರು ಮುತ್ಯಾ. ಯಾರಿಗೆ ಎಷ್ಟು ಎಂದು ಎಲ್ಲಿಯೂ ಬರೆದಿಡಲಿಲ್ಲ. ಮುಂದೆ ಬೆಳೆ ಕಂಡಾಗ, ಕೇಳದೆಯೇ, ಬಹಳ ಮನೆಗಳಿಂದ ಜೋಳ ತಿರುಗಿ ಬಂತು.

ಹಗೇವು ಬರಿದಾದ ಮೇಲೆ ಉಳಿದದ್ದು ಸರ್ಕಾರದ ಬರಗಾಲದ ಕೆಲಸ. ಎಲ್ಲೋ ಕೆರೆ ಅಗೆಯುವುದು, ಎಲ್ಲೋ ರಸ್ತೆ ಹಾಕುವುದು, ಎಲ್ಲೋ ಕಡಿ ಒಡೆಯುವುದು. ನಮ್ಮೂರ ಮಡ್ಡಿಯಲ್ಲಿ ಕಡಿ ಒಡೆಯುವ ಕೆಲಸ ನಡೆದಿತ್ತು. ಹೊಲ-ಮನೆ ಇದ್ದ ದೊಡ್ಡ ಮನೆಗಳ ಹೆಣ್ಣುಮಕ್ಕಳು ಮೊದಮೊದಲು ಯಾರಿಗೂ ಕಾಣಬಾರದೆಂದು ನಸುಕಿನಲ್ಲೇ ಹೋಗಿ ಕೂತುಕೊಳ್ಳುತ್ತಿದ್ದರು. ಸ್ವಲ್ಪ ದಿನಕ್ಕೆ ಆ ನಾಚಿಕೆ ಹೋಯಿತು. ತಮ್ಮ ಹೊಲದಲ್ಲಿ ಕೂಲಿ ಮಾಡುತ್ತಿದ್ದವಳ ಪಕ್ಕದಲ್ಲೇ ಕೂತು ಸುತ್ತಿಗೆ ಎತ್ತಿದರು. ಕಲ್ಲನ್ನು ಹೇಗೆ ಹಿಡಿಯಬೇಕು, ಏಟು ಎಲ್ಲಿಗೆ ಹಾಕಬೇಕು ಎಂದು ಕಲಿಸಿಕೊಟ್ಟವಳು ಆ ಕೂಲಿಯವಳೇ. ಬೆರಳಿಗೆ ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿಕೊಳ್ಳುವುದನ್ನು ತೋರಿಸಿದ್ದೂ ಅವಳೇ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಎಲ್ಲರದೂ ಒಂದೇ: ಒಣ ರೊಟ್ಟಿ, ಅಗಸಿ ಹಿಂಡಿ, ಸಿಕ್ಕರೆ ಅರ್ಧ ಉಳ್ಳಾಗಡ್ಡಿ. ಯುಗಯುಗದಿಂದ ಬೇರೆ ಬೇರೆ ಕೂತು ಉಂಡವರು ಆ ಮಡ್ಡಿಯಲ್ಲಿ ಒಂದೇ ಜಾಲಿಗಿಡದ ನೆರಳಿಗೆ ಕೂತರು. ನೆರಳು ಅಲ್ಲಿ ಅದೊಂದೇ ಇತ್ತು.

ಒಂದು ಸಂಜೆಯದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಕೂಲಿ ಸಿಗುತ್ತಿದ್ದದ್ದು ಒಡೆದ ಕಡಿಯ ಅಳತೆಯ ಮೇಲೆ. ದಿನ ತುಂಬಿದ ಬಸುರಿಯೊಬ್ಬಳು ಬಂದು ಕೂತಿದ್ದಳು. ಮನೆಯಲ್ಲಿ ಬೇರೆ ಗತಿಯಿರಲಿಲ್ಲ. ಅವಳ ಗುಂಪಿ ಮೊಣಕಾಲೆತ್ತರವೂ ಆಗಿರಲಿಲ್ಲ. ಮುಕಾದಮ ಅಳತೆಯ ಪೆಟ್ಟಿಗೆ ಹಿಡಿದು ಬರುವುದು ಕಂಡದ್ದೇ ತಡ, ಅತ್ತಿತ್ತ ಕೂತಿದ್ದ ಹೆಣ್ಣುಮಕ್ಕಳು ಮಾತಿಲ್ಲದೆ ಎದ್ದು, ತಮ್ಮ ತಮ್ಮ ಗುಂಪಿಯಿಂದ ಒಂದೊಂದು ಪುಟ್ಟಿ ಕಡಿ ಹೊತ್ತು ತಂದು ಅವಳ ಮುಂದೆ ಸುರುವಿದರು. ಮುಕಾದಮನಿಗೆ ಕಾಣಲಿಲ್ಲವೆಂದಲ್ಲ. ಅವನು ನಿಂತು ಬೀಡಿ ಹಚ್ಚಿಕೊಂಡ, ಅದು ಮುಗಿಯುವವರೆಗೂ ಮಡ್ಡಿಯ ಆಚೆಗೇ ನೋಡುತ್ತಿದ್ದ, ಆಮೇಲೆ ಅಳೆದು ಪೂರ್ತಿ ಕೂಲಿ ಬರೆದುಕೊಂಡ. ಅಲ್ಲೇ ಕಡಿ ಒಡೆಯುತ್ತಿದ್ದ ಅವ್ವನಿಗೆ ನೀರು ಕೊಡಲು ಹೋಗಿದ್ದ ನಾನು ಕೊಡ ಹಿಡಿದು ಅದನ್ನೆಲ್ಲ ನೋಡಿದೆ. ಮುಂದೆ ಓದಿದ ಎಷ್ಟೋ ಪುಸ್ತಕ ಮರೆತಿದ್ದೇನೆ, ಆ ಬೀಡಿ ಮರೆತಿಲ್ಲ.

ಶಾಲೆಯ ಮಾತು ಹೇಳದಿದ್ದರೆ ನನ್ನ ಗೆಳೆಯರು ಸುಮ್ಮನಿರಲಿಕ್ಕಿಲ್ಲ. ನಾವಾಗ ಐದನೆಯ ಇಯತ್ತೆ. ಕೇರ್ ಸಂಸ್ಥೆಯ ಗೋಧಿ ನುಚ್ಚಿನ ಉಪ್ಪಿಟ್ಟು, ಪುಡಿ ಕದಡಿದ ಹಾಲು. ಉಪ್ಪಿಟ್ಟಿನ ವಾಸನೆ ಬಂದರೆ ಲೆಕ್ಕ ತಲೆಗೆ ಹತ್ತುತ್ತಿರಲಿಲ್ಲ. ಶಾಲೆಗೆ ಬರುವ ಮಕ್ಕಳಿಗಷ್ಟೇ ಉಪ್ಪಿಟ್ಟು ಎಂಬುದು ನಿಯಮ. ಮನೆಯಲ್ಲಿ ಸಣ್ಣ ತಮ್ಮ ತಂಗಿ ಇದ್ದವರು ಅರ್ಧ ತಿಂದು ಅರ್ಧ ಮುಚ್ಚಿಟ್ಟುಕೊಳ್ಳುತ್ತಿದ್ದರು. ನಮ್ಮ ಮಾಸ್ತರು ಅದನ್ನು ಕಂಡು ಬೈಯಲಿಲ್ಲ. ಮರುದಿನದಿಂದ ಬಡಿಸುವವನಿಗೆ, "ಸಣ್ಣವರು ಮನ್ಯಾಗಿದ್ದವರಿಗೆ ಇನ್ನೊಂದು ಸೌಟು ಹಾಕಪ್ಪಾ" ಎಂದು ಹೇಳಿದರು. ಮನೆಯಲ್ಲಿ ಸಣ್ಣವರಿಲ್ಲದವರು ಯಾರೂ ಸುಳ್ಳು ಹೇಳಿ ಆ ಸೌಟು ಕೇಳಲಿಲ್ಲ. ಹಸಿದ ಮಕ್ಕಳು ಹಾಗೆ ಇರಬಲ್ಲರು ಎಂದರೆ ಈಗ ನಂಬುವುದು ಕಷ್ಟ. ಮಾಸ್ತರು ನಮ್ಮನ್ನು ನಂಬಿದ್ದರು, ಅದಕ್ಕೆ ನಾವು ಹಾಗಿದ್ದೆವು.

ನೀರಿಗೂ ಒಂದು ಕಟ್ಟಳೆ ಇತ್ತು. ಊರ ಬಾವಿಯ ತಳದಲ್ಲಿ ಸೆಲೆ ಜಿನುಗುತ್ತಿತ್ತು. ರಾತ್ರಿಯೆಲ್ಲ ಪಾಳಿ ಹಚ್ಚಿ, ಚರಗಿಯಿಂದ ಮೊಗೆದು ಕೊಡ ತುಂಬಿಸಬೇಕು. ಬಾಣಂತಿಯ ಮನೆಯ ಕೊಡ ಬಂದರೆ ಪಾಳಿ ಬಿಟ್ಟು ಮೊದಲು ಅದಕ್ಕೆ. ಪಂಚರು ಕೂತು ಮಾಡಿದ ನಿಯಮವಲ್ಲ ಅದು. ನಾವು ಹುಡುಗರು ಪಾಳಿ ಕಾಯುತ್ತ ಬಾವಿಕಟ್ಟೆಯ ಮೇಲೆ ಮಲಗಿ ಚಿಕ್ಕೆ ಎಣಿಸಿದ್ದು, ದೊಡ್ಡವರು ಭಜನೆ ಹಾಡಿದ್ದು, ಆಯಿ ಒಬ್ಬರು ಹೇಳುತ್ತಿದ್ದ ಮುಗಿಯದ ಕಥೆ, ಇವೆಲ್ಲ ಆ ವರ್ಷದ ಸುಖಗಳು. ಎತ್ತು ಮಾರಿದ ದಿನ ಮಾತ್ರ ಸುಖವಿರಲಿಲ್ಲ. ಮೇವಿಲ್ಲದೆ ಬಡಕಲಾದ ಜೋಡಿಯನ್ನು ಸಿಕ್ಕ ಬೆಲೆಗೆ ಕೊಟ್ಟು ಬಂದ ಅಪ್ಪ ಬರಿಯ ಹಗ್ಗ ಹಿಡಿದುಕೊಂಡು ಮನೆಗೆ ಬಂದ. ಆ ರಾತ್ರಿ ನಮ್ಮ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಪಕ್ಕದ ಮನೆಯಿಂದ ಅಂಬಲಿ ಬಂತು.

ಕಷ್ಟ ಮನುಷ್ಯನನ್ನು ಗಟ್ಟಿ ಮಾಡುತ್ತದೆ, ಒಳ್ಳೆಯವನನ್ನಾಗಿ ಮಾಡುತ್ತದೆ ಎಂದು ಜನ ಸುಲಭವಾಗಿ ಹೇಳುತ್ತಾರೆ. ಆ ವರ್ಷವನ್ನು ಕಂಡ ನಾನು ಅಷ್ಟು ಸುಲಭವಾಗಿ ಹೇಳಲಾರೆ. ಅದೇ ಬರದಲ್ಲಿ, ಅದೇ ಊರಿನಲ್ಲಿ, ನಾಕು ಚೀಲ ಜೋಳಕ್ಕೆ ಹೊಲ ಬರೆಸಿಕೊಂಡವರೂ ಇದ್ದರು. ನನ್ನ ಪಕ್ಕದಲ್ಲಿ ಕೂಡುತ್ತಿದ್ದ ಗೆಳೆಯನ ಮನೆಯವರು ಒಂದು ರಾತ್ರಿ ಯಾರಿಗೂ ಹೇಳದೆ ಮುಂಬಯಿಗೆ ಹೋದರು. ಗುರುತಿನವರಿಲ್ಲ, ಭಾಷೆಯಿಲ್ಲ, ಮಲಗಿದ್ದು ಬೀದಿಯಲ್ಲಿ. ಅವನು ಮುಂದೆ ತನ್ನ ದುಡಿಮೆಯಿಂದಲೇ ಚೆನ್ನಾಗಿ ಬೆಳೆದ. ಆದರೆ ಅವನಿಗೆ ಯಾರ ಮೇಲೆಯೂ ನಂಬಿಕೆ ಬರಲೇ ಇಲ್ಲ. "ನನಗ್ಯಾರು ಕೊಟ್ಟಾರು, ನಾ ಯಾಕ ಕೊಡ್ಲಿ?" ಎನ್ನುತ್ತಾನೆ. ಅವನನ್ನು ನಾನು ದೂರಲಾರೆ. ಹಸಿವು ಅವನಿಗೂ ನನಗೂ ಒಂದೇ ಆಗಿತ್ತು. ನನ್ನ ಹಸಿವಿನಲ್ಲಿ ಓಣಿ ಜೊತೆಗಿತ್ತು, ಅವನ ಹಸಿವಿನಲ್ಲಿ ಯಾರೂ ಇರಲಿಲ್ಲ. ನಮ್ಮಿಬ್ಬರ ಸ್ವಭಾವ ಬೇರೆಯಾದದ್ದು ಅಲ್ಲಿ.

ಹಾಗಾಗಿ ನಮ್ಮನ್ನು ಬೆಳೆಸಿದ್ದು ಬರ ಎಂದು ನಾನು ಒಪ್ಪುವುದಿಲ್ಲ. ಬರಕ್ಕೆ ಆ ಪುಣ್ಯ ಕೊಡಬಾರದು. ಮುತ್ಯಾನ ಸೇರು, ಹೆಣ್ಣುಮಕ್ಕಳ ಒಂದೊಂದು ಪುಟ್ಟಿ ಕಡಿ, ಮಾಸ್ತರ ಇನ್ನೊಂದು ಸೌಟು, ಪಕ್ಕದ ಮನೆಯ ಅಂಬಲಿ, ನಮ್ಮನ್ನು ಬೆಳೆಸಿದ್ದು ಇವು. ಕಷ್ಟ ಬಂದಾಗ ಮನುಷ್ಯ ಇನ್ನೊಬ್ಬನಿಗೆ ಏನಾಗಬಲ್ಲ ಎಂಬುದನ್ನು ಬೇಗ ನೋಡುತ್ತಾನೆ. ಸಣ್ಣ ವಯಸ್ಸಿನಲ್ಲಿ ಏನನ್ನು ನೋಡಿದನೋ ಅದೇ ಅವನಲ್ಲಿ ಉಳಿಯುತ್ತದೆ.

ಸರ್ಕಾರಗಳೂ ಆ ಬರದಿಂದ ಒಂದು ಪಾಠ ಕಲಿತವು. ಗಡಿಯಾಚೆ ಮಹಾರಾಷ್ಟ್ರದಲ್ಲಿ ಕೆಲಸ ಕೇಳಿದವರಿಗೆ ಕೆಲಸ ಕೊಡಲೇಬೇಕೆಂದು 1977ರಲ್ಲಿ ಕಾನೂನು ಮಾಡಿದರು. 2005ರಲ್ಲಿ ಉದ್ಯೋಗ ಖಾತರಿ ಇಡೀ ದೇಶದ ಕಾನೂನಾಯಿತು. ಕಡಿ ಒಡೆದವರ ಬೊಬ್ಬೆಗಳಿಗೆ ಅಷ್ಟು ದೂರ ಹೋಗುವ ಶಕ್ತಿಯಿತ್ತು. ಈಗ ಆಲಮಟ್ಟಿಯ ನೀರು ಏತದಿಂದ ಮೇಲೆ ಬಂದು ನಮ್ಮ ಜಿಲ್ಲೆಯ ಎಷ್ಟೋ ಕೆರೆಗಳನ್ನು ತುಂಬಿದೆ. ಒಣಗಿ ಬಿರುಕು ಬಿಟ್ಟಿದ್ದ ಹೊಲಗಳಲ್ಲಿ ದ್ರಾಕ್ಷಿ, ನಿಂಬೆ ಬೆಳೆಯುತ್ತಿವೆ. ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ನಮ್ಮ ಮೊಮ್ಮಕ್ಕಳಿಗೆ ಆ ಹಸಿವು ಬರಬೇಕೆಂದು, ಬಂದರೆ ಗಟ್ಟಿಯಾಗುತ್ತಾರೆಂದು, ನನಗೆ ಎಂದೂ ಅನ್ನಿಸಿಲ್ಲ. ಹಾಗೆನ್ನುವ ಹಿರಿಯರ ಜೊತೆ ನಾನು ಜಗಳವಾಡುತ್ತೇನೆ.

2020ರಲ್ಲಿ ಲಾಕ್‌ಡೌನ್ ಆದಾಗ ಮಹಾರಾಷ್ಟ್ರದಿಂದ ಕೂಲಿಯವರು ಮಕ್ಕಳನ್ನು ಹೆಗಲ ಮೇಲೆ ಹೊತ್ತುಕೊಂಡು ಸೊಲ್ಲಾಪುರ ರಸ್ತೆಯಲ್ಲಿ ನಡೆದು ಬಂದರು. ರೋಗದ ಹೆದರಿಕೆಗೆ ಊರೂರುಗಳು ಅಗಸಿಗೆ ಮುಳ್ಳು ಹಚ್ಚಿಕೊಂಡಿದ್ದವು. ನಮ್ಮೂರಲ್ಲಿ ಮೊದಲು ರೊಟ್ಟಿ ಬಡಿಯಲು ಕೂತವರು, 1972ರಲ್ಲಿ ಮಡ್ಡಿಯಲ್ಲಿ ಕಡಿ ಒಡೆದಿದ್ದ ಮುದುಕಿಯರು. ಮಕ್ಕಳು ಬೇಡವೆಂದರೂ ಕೇಳಲಿಲ್ಲ. ರೊಟ್ಟಿ, ಹಿಂಡಿ, ನೀರಿನ ಕೊಡ ರಸ್ತೆಯ ಪಕ್ಕದಲ್ಲಿಟ್ಟು ದೂರ ನಿಂತು, "ಉಣ್ಣ್ರಿ ಯಪ್ಪಾ, ಕೂಸಿಗೂ ಕೊಡ್ರಿ" ಎಂದು ಕೂಗಿ ಹೇಳಿದರು. ಎರಡನೆಯ ದಿನಕ್ಕೆ ಸೊಸೆಯಂದಿರೂ ಬಂದು ಒಲೆಯ ಮುಂದೆ ಕೂತರು. ಮೂರನೆಯ ದಿನ ಮೊಮ್ಮಕ್ಕಳು ರೊಟ್ಟಿ ಹೊತ್ತರು.

ಆ ಮೊಮ್ಮಕ್ಕಳು ಬರ ಕಂಡವರಲ್ಲ. ಆದರೂ ಬರದಲ್ಲಿ ಬೆಳೆದವರು ಕಲಿತದ್ದನ್ನು ಅವರು ಕಲಿತರು. ಹಸಿವಿಲ್ಲದೆಯೂ ಅದನ್ನು ಕಲಿಸಬಹುದು ಎಂಬುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ನನ್ನ ವಾರಿಗೆಯವರಲ್ಲಿ ನನ್ನ ಕೇಳಿಕೆ ಇಷ್ಟೇ: ಮಕ್ಕಳಿಗೆ ಬರದ ಕಥೆ ಹೇಳುವಾಗ ನಾವು ಎಷ್ಟು ಹಸಿದಿದ್ದೆವು ಎಂಬುದನ್ನು ಬೇಗ ಮುಗಿಸಿ, ಆ ಹಸಿವಿನಲ್ಲಿ ಯಾರು ನಮಗೆ ಏನು ಕೊಟ್ಟರು ಎಂಬುದನ್ನು ಹೆಸರು ಹಿಡಿದು, ನಿಧಾನವಾಗಿ, ಎಷ್ಟು ಸಲ ಬೇಕಾದರೂ ಹೇಳಿ. ನಾವು ಆ ದಿನಗಳನ್ನು ಪ್ರೀತಿಯಿಂದ ನೆನೆಯುವುದು ಹಾಗೆ ಕೊಟ್ಟವರಿಗಾಗಿ.