ಯೋಗವೂ ಕ್ಷೇಮವೂ

ಕಳೆದ ದೀಪಾವಳಿಗೆ ಊರಿಗೆ ಬಂದ ಮಗನು ವಿಮಾ ಪತ್ರಗಳ ಕಟ್ಟೊಂದನ್ನು ನನ್ನ ಮುಂದಿಟ್ಟನು. “ಅಪ್ಪಾ, ವರ್ಷಕ್ಕೆ 90,000 ರೂಪಾಯಿ ಇವಕ್ಕೇ ಹೋಗುತ್ತದೆ. ಯಾವುದನ್ನು ಉಳಿಸಲಿ, ಯಾವುದನ್ನು ಬಿಡಲಿ?” ಎಂದನು. ಮೂವತ್ತು ವರ್ಷ ಶಬ್ದರೂಪಗಳನ್ನು ಬಾಯಿಪಾಠ ಮಾಡಿಸಿದವನನ್ನು ಕೇಳತಕ್ಕ ಪ್ರಶ್ನೆ ಇದಲ್ಲ. ಆದರೂ ಕೇಳಿದವನು ಮಗ. ಕನ್ನಡಕವನ್ನು ಏರಿಸಿಕೊಂಡು ಕುಳಿತೆನು.

1956ರಲ್ಲಿ ಸ್ಥಾಪಿತವಾದ ಭಾರತೀಯ ಜೀವವಿಮಾ ನಿಗಮದ ಲಾಂಛನದಲ್ಲಿ ಗೀತೆಯಿಂದ ತೆಗೆದ ‘ಯೋಗಕ್ಷೇಮ’ವೆಂಬ ಪದವುಂಟು. ಭಾಷ್ಯಕಾರರು ಇದನ್ನು ಎರಡಾಗಿ ಒಡೆಯುತ್ತಾರೆ: ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಪಾಡುವುದು ಕ್ಷೇಮ. ವಿಮೆಯ ಧರ್ಮ ಕ್ಷೇಮವೇ ಹೊರತು ಯೋಗವಲ್ಲವೆಂದು ನನ್ನ ಮತ. ಮಗನ ಕಟ್ಟಿನಲ್ಲಿ ಎರಡೂ ಕಲೆತುಹೋಗಿದ್ದವು. ಒಂದು ಎಂಡೋಮೆಂಟ್ ಪಾಲಿಸಿಗೆ ವರ್ಷಕ್ಕೆ 48,000 ಕಟ್ಟುತ್ತಿದ್ದನು. ಅವನು ಇಲ್ಲವಾದರೆ ಬರುವುದು ಹತ್ತು ಲಕ್ಷ, ಮನೆಯ ಸಾಲವೋ ಮೂವತ್ತೈದು ಲಕ್ಷ. ಇನ್ನೊಂದು, ನಾಲ್ಕು ವರ್ಷದ ಮೊಮ್ಮಗಳ ಜೀವದ ಮೇಲೆ. ಸಂಪಾದಿಸದ ಕೂಸಿನ ಜೀವಕ್ಕೆ ಹಣದ ಬೇಲಿ ಯಾತಕ್ಕೆ? ಮೂರನೆಯದು ಆರೋಗ್ಯ ವಿಮೆ.

ನೆರೆಯೂರಿನ ಖಾಸಗಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದ ಮಿತ್ರರೊಬ್ಬರು ನಲವತ್ತಮೂರನೆಯ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡರು. ನಾವು ಸರಕಾರಿ ಮೇಷ್ಟ್ರುಗಳು. ಮೈಸೂರು ಸಂಸ್ಥಾನವು 1891ರಲ್ಲಿ ಆರಂಭಿಸಿದ ವಿಮಾ ಇಲಾಖೆಯು ನಮ್ಮ ಸಂಬಳದಲ್ಲಿ ಕಡ್ಡಾಯವಾಗಿ ಹಿಡಿದುಕೊಳ್ಳುತ್ತಿತ್ತು, ಹಿಂದೆ ಪಿಂಚಣಿಯೂ ಇತ್ತು. ಅವರಿಗೆ ಎರಡೂ ಇಲ್ಲ. ನಾಲ್ಕು ಪಾಲಿಸಿಗಳೇನೋ ಇದ್ದವು. ಅವುಗಳಲ್ಲಿ ಎರಡು ಮಕ್ಕಳ ಹೆಸರಿನವು, ತಮ್ಮ ಜೀವದ ಮೇಲೆ ಒಟ್ಟು ಎರಡು ಲಕ್ಷ ಮಾತ್ರ. ಲೆಕ್ಕದಲ್ಲಿ ಒಂದು ಸೊನ್ನೆಯನ್ನೂ ತಪ್ಪದ ಮನುಷ್ಯ! ಆಮೇಲೆ ಅವರ ಮನೆಗೆ ಹೋದಾಗಲೆಲ್ಲ ಒಳಗಿನಿಂದ ಹೊಲಿಗೆ ಯಂತ್ರದ ಸದ್ದು ಕೇಳಿಬರುತ್ತಿತ್ತು. ಆಕೆ ಎಂದೂ ದೂರಲಿಲ್ಲ.

ಆದುದರಿಂದ ಮಗನಿಗೆ ಮೊದಲು ಹೇಳಿದ್ದು, ಸಾಲ ತೀರುವವರೆಗೆ ನಡೆಯುವ ಒಂದು ಕೋಟಿಯ ಟರ್ಮ್ ಪಾಲಿಸಿ. ಬದುಕಿದ್ದರೆ ಬಿಡಿಗಾಸೂ ಹಿಂದೆ ಬಾರದು. ಆದಕಾರಣವೇ ಕಂತು ಅಗ್ಗ. ಆರೋಗ್ಯ ವಿಮೆಯನ್ನು ಬಿಡಲೇಬಾರದು. ನಾನು ನಾಳೆ ನಾಳೆ ಎನ್ನುತ್ತ ಸಕ್ಕರೆ ಕಾಯಿಲೆ ಬರುವವರೆಗೂ ತಡೆದವನು. ಮೊದಲೇ ಇರುವ ರೋಗಕ್ಕೆ ಮೂರು ವರ್ಷದವರೆಗೆ ಕಾಯಿಸಬಹುದೆಂದು ನಿಯಮವಿದೆ. ಆ ಮೂರು ವರ್ಷ ನಾನು ಕಂತನ್ನೂ ಔಷಧದ ಬೆಲೆಯನ್ನೂ ಕಟ್ಟಿದೆನು. ವರ್ಷಕ್ಕೆ 20 ರೂಪಾಯಿಗೆ ಎರಡು ಲಕ್ಷದ ಅಪಘಾತ ವಿಮೆ ಬ್ಯಾಂಕಿನಲ್ಲೇ ಸಿಗುತ್ತದೆ. ಅದಕ್ಕೆ ವಿಚಾರ ಬೇಡ. ಮೊಮ್ಮಗಳ ಪತ್ರ ಬಂದು ಇಪ್ಪತ್ತು ದಿನವಾಗಿತ್ತು. ಕೈಸೇರಿದ ಮೂವತ್ತು ದಿನದೊಳಗೆ ಹಿಂದಿರುಗಿಸಬಹುದಾದ್ದರಿಂದ ಹಿಂದಿರುಗಿಸಿದೆವು. ಎಂಡೋಮೆಂಟಿಗೆ ಆಗಲೇ ಒಂಬತ್ತು ಕಂತು ಸಂದಿದ್ದವು. ನಡುವೆ ಬಿಟ್ಟರೆ ನಷ್ಟವೆಂದು ಇರಿಸಿಕೊಂಡೆವು. ಅದು ಸರಿಯೋ, ಬರಿಯ ಮೋಹವೋ!

ಹೊಸ ಅರ್ಜಿಯನ್ನು ತಂದ ಏಜೆಂಟನು ನನ್ನ ಹಳೆಯ ಶಿಷ್ಯ. ಜಗಲಿಯಲ್ಲಿ ಕುಳಿತು ಮಗನು ಬರೆಯುತ್ತ ಬಂದನು. ‘ಧೂಮಪಾನ ಉಂಟೇ?’ ಎಂಬಲ್ಲಿಗೆ ಲೇಖನಿ ನಿಂತಿತು. ಅವನ ಅಂಗಿಯ ವಾಸನೆಯನ್ನು ನಾನು ಎರಡು ವರ್ಷದಿಂದ ಬಲ್ಲೆ. ಬಲ್ಲೆನೆಂಬುದು ಅವನಿಗೆ ತಿಳಿಯದು. ದಿಟ ಬರೆದರೆ ಕಂತು ಏರುತ್ತದೆ. ಮರೆಮಾಚಿದರೆ, ಮೂರು ವರ್ಷದೊಳಗೆ ಏನಾದರೂ ಆದಲ್ಲಿ, ಅದೇ ನೆಪದಿಂದ ಕಂಪನಿಯವರು ಹಣವನ್ನು ನಿರಾಕರಿಸಬಹುದು. ಇದಿಷ್ಟನ್ನೂ ಶಿಷ್ಯನ ಕಡೆಗೇ ತಿರುಗಿ ಹೇಳಿ, ಸಂಧ್ಯಾವಂದನೆಗೆ ಹೊತ್ತಾಯಿತೆಂದು ಒಳಕ್ಕೆ ಎದ್ದುಹೋದೆನು.

ಹಿಂದಿರುಗಿ ಬರುವಷ್ಟರಲ್ಲಿ ಅರ್ಜಿಯನ್ನು ಮಡಿಸಿಯಾಗಿತ್ತು. “ಕಂತು ಸ್ವಲ್ಪ ಹೆಚ್ಚಾಗುತ್ತೆ, ಮೇಷ್ಟ್ರೇ” ಎಂದನು ಶಿಷ್ಯ. ಮಗನು ತಲೆಯೆತ್ತಲಿಲ್ಲ. ಮೂವರಿಗೂ ಕಾಫಿ ತರಹೇಳಿದೆನು.