ಎಂಟರಿಂದ ಒಂದೂವರೆ

ಪತ್ರಿಕೋದ್ಯಮದ ತರಗತಿಯಲ್ಲಿ ನಮಗೆ ತಲೆಕೆಳಗಾದ ಪಿರಮಿಡ್ ಕಲಿಸಿದರು, ಪುಟ ವಿನ್ಯಾಸ ಕಲಿಸಿದರು, ಮಾನನಷ್ಟದ ಕಾನೂನು ಕಲಿಸಿದರು. ಜಾಹೀರಾತು ಬಿಲ್ಲಿಗೆ ಸಹಿ ಹಾಕಿಸಿಕೊಂಡು ಬರುವುದು ಹೇಗೆ ಎಂಬುದನ್ನು ಮಾತ್ರ ಯಾರೂ ಕಲಿಸಲಿಲ್ಲ. ಜಿಲ್ಲಾ ಮಟ್ಟದ ಸಣ್ಣ ಪತ್ರಿಕೆಗೆ ಸೇರಿದ ನಮ್ಮ ಬ್ಯಾಚಿನವರೆಲ್ಲ ಇದನ್ನು ಓದಿ ನಗುತ್ತೀರಿ ಅಂತ ಗೊತ್ತು. ನಮ್ಮ ಕಲಬುರಗಿ ಕಚೇರಿಯಲ್ಲಿ ಇರುವವರು ಎರಡೂವರೆ ಜನ. ನಾನು, ಒಬ್ಬ ಹಿರಿಯ ವರದಿಗಾರರು, ಮತ್ತು ಮಧ್ಯಾಹ್ನದ ನಂತರ ಮಾತ್ರ ಬರುವ ಡಿಟಿಪಿ ಹುಡುಗ. ಹಾಗಾಗಿ ಸುದ್ದಿ ಬರೆಯುವುದು ದಿನದ ಕೊನೆಯ ಕೆಲಸ. ಅದಕ್ಕೂ ಮೊದಲು ಚೆಕ್ಕು, ಪಾರ್ಸೆಲ್ಲು, ಸಹಿ, ಸೀಲು.

ಬೇಸಿಗೆಯಲ್ಲಿ ಇದೆಲ್ಲ ಇನ್ನೂ ಕಿರಿದಾದ ಸಮಯದಲ್ಲಿ ಆಗಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲಿ, ಜೊತೆಗೆ ವಿಜಯಪುರ, ಬಾಗಲಕೋಟೆಯಲ್ಲಿ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಾಗುತ್ತದೆ. ಊರಿನಲ್ಲಿ ಅಮ್ಮನಿಗೆ ಇದನ್ನು ಹೇಳಿದಾಗ "ಪುಣ್ಯವಂತರು" ಅಂದಿದ್ದರು. ನೌಕರರ ಮಟ್ಟಿಗೆ ಅದು ಒಳ್ಳೆಯ ಆದೇಶವೇ, ಅದರಲ್ಲಿ ಎರಡು ಮಾತಿಲ್ಲ. ದಿನದ ಗರಿಷ್ಠ ತಾಪಮಾನ ಬರುವುದು ಸಾಮಾನ್ಯವಾಗಿ ಮಧ್ಯಾಹ್ನ ಎರಡೂವರೆಯಿಂದ ನಾಲ್ಕರ ನಡುವೆ. ಅಷ್ಟರಲ್ಲಿ ಅವರು ಮನೆ ಸೇರಿರುತ್ತಾರೆ. ಆದರೆ ಆ ಕಚೇರಿಗಳಿಗೆ ಬರುವವರ ಲೆಕ್ಕ ಬೇರೆ. ಅಫಜಲಪುರದ ಕಡೆಯ ಹಳ್ಳಿಯಿಂದ ಬಸ್ಸು ಹಿಡಿದು ಬಂದವರು ಒಂದೂವರೆಗೆ ಹೊರಬಿದ್ದು, ಎರಡು ಗಂಟೆಗೆ ಬಸ್ ನಿಲ್ದಾಣದಲ್ಲಿ ನಿಂತು, ಮೂರು ಗಂಟೆಯ ಬಿಸಿಲಿಗೆ ಸರಿಯಾಗಿ ಊರಿನ ಕ್ರಾಸ್‌ನಲ್ಲಿ ಇಳಿದು ನಡೆಯುತ್ತಾರೆ.

ನಾನು ಬೆಳ್ತಂಗಡಿ ತಾಲ್ಲೂಕಿನವಳು. ನಮ್ಮಲ್ಲೂ ಸೆಕೆ ಇದೆ, ಆದರೆ ಅದು ಕಾಣುವ ಸೆಕೆ. ಬೆವರು ಹನಿಯುತ್ತದೆ, ಬಟ್ಟೆ ಅಂಟುತ್ತದೆ, ದಿನಕ್ಕೆ ಎರಡು ಸಲ ಸ್ನಾನ ಮಾಡುತ್ತೇವೆ. ಕಲಬುರಗಿಗೆ ಬಂದ ಮೊದಲ ಬೇಸಿಗೆಯಲ್ಲಿ ನನಗೆ ಬೆವರೇ ಬರುತ್ತಿಲ್ಲ ಅನ್ನಿಸಿತ್ತು. ಬರುತ್ತಿತ್ತು, ಆದರೆ ಒಣಗಾಳಿ ಅದನ್ನು ಕಣ್ಣಿಗೆ ಬೀಳುವ ಮೊದಲೇ ಹೀರಿಕೊಳ್ಳುತ್ತಿತ್ತು. ಸಂಜೆ ಕುರ್ತಾದ ಬೆನ್ನಿನ ಮೇಲೆ, ಬ್ಯಾಗಿನ ಪಟ್ಟಿಯ ಅಂಚಿನಲ್ಲಿ ಬಿಳಿ ಉಪ್ಪಿನ ಗೆರೆ ಮಾತ್ರ ಉಳಿದಿರುತ್ತಿತ್ತು. ಈ ಒಣ ಬಿಸಿಲಿನ ಮೋಸ ಇದೇ. ಮೈಯಿಂದ ಎಷ್ಟು ನೀರು ಹೋಯಿತೆಂದು ಅದು ಹೇಳುವುದಿಲ್ಲ.

ಕಳೆದ ವರ್ಷದ ಮೇ ತಿಂಗಳ ಒಂದು ಶುಕ್ರವಾರದ ಮಾತು ಇದು. ಬೆಳಗ್ಗೆ ಏಳೂವರೆಗೆ ಸಂಪಾದಕರ ಫೋನು. ಒಂದು ಇಲಾಖೆಯ ಜಾಹೀರಾತುಗಳ ಬಿಲ್ಲು ಫೆಬ್ರುವರಿಯಿಂದ ಬಾಕಿ ಇತ್ತು. ಇವತ್ತು ಸಹಿ ಆಗಲೇಬೇಕು. ನಾಳೆ ಎರಡನೇ ಶನಿವಾರ, ಆಮೇಲೆ ಭಾನುವಾರ, ಸೋಮವಾರದಿಂದ ಆ ಅಧಿಕಾರಿ ಹದಿನೈದು ದಿನ ತರಬೇತಿಗೆ. ಬಿಲ್ಲು ಆದರೆ ನಮ್ಮ ಎರಡು ತಿಂಗಳ ಸಂಬಳ ಆದಂತೆ ಎಂದು ಅವರು ಬಿಡಿಸಿ ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಇದರ ಜೊತೆಗೆ ಬ್ಯಾಂಕಿಗೆ ಒಂದು ಚೆಕ್ಕು, ಗಂಜ್‌ನಲ್ಲಿ ತೊಗರಿಬೇಳೆ ಮಿಲ್ಲಿನವರಿಂದ ಜಾಹೀರಾತಿನ ಹಣ, ಬಸ್ ನಿಲ್ದಾಣದಲ್ಲಿ ಒಂದು ಪಾರ್ಸೆಲ್ಲು. ಕೊನೆಯಲ್ಲಿ, ಏನೂ ಅಲ್ಲ ಎನ್ನುವ ಹಾಗೆ, "ಬಿಸಿಲಿನ ಮೇಲೆ ಒಂದು ಸ್ಟೋರಿ ಮಾಡಿಬಿಡಿ, ಆಸ್ಪತ್ರೆಯಿಂದ ಒಂದು ಕೋಟ್ ತಗೊಳ್ಳಿ, ಫೋಟೊ ಇರಲಿ."

ಸ್ಕೂಟಿ ಗ್ಯಾರೇಜಿನಲ್ಲಿತ್ತು. ನಮ್ಮ ಓಣಿಯ ಆಟೊದವರೊಬ್ಬರನ್ನು ಅರ್ಧ ದಿನಕ್ಕೆ 400 ರೂಪಾಯಿ ಎಂದು ಮಾತಾಡಿಕೊಂಡೆ. ಐವತ್ತರ ಆಸುಪಾಸಿನ ಮನುಷ್ಯ. ಅಂಗಿಯ ಕಿಸೆಯಲ್ಲಿ ಒಂದು ಉಳ್ಳಾಗಡ್ಡಿ. ಬಿಸಿಲು ಬಡಿಯಬಾರದು ಎಂದು ಇಲ್ಲಿ ಅನೇಕರು ಇಟ್ಟುಕೊಳ್ಳುತ್ತಾರೆ. ಉಳ್ಳಾಗಡ್ಡಿಯನ್ನು ಊಟದಲ್ಲಿ ತಿಂದರೆ ಏನೋ ಪ್ರಯೋಜನವಿದ್ದೀತು, ಕಿಸೆಯಲ್ಲಿದ್ದರೆ ಅದಕ್ಕೂ ನಮ್ಮಷ್ಟೇ ಬಿಸಿಲು. ಇದನ್ನು ಹೇಳಿದರೆ ಅವರು ನಕ್ಕು, "ಇರ್ಲಿ ಬಿಡ್ರಿ ಮೇಡಂ, ರಾತ್ರಿ ಪಲ್ಯಕ್ಕ ಆಗ್ತದ" ಅಂದರು.

ಎಂಟೂಕಾಲಿಗೆ ಕಚೇರಿ. ವಿಷಯ ನಿರ್ವಾಹಕರು ಬಂದಿದ್ದು ಒಂಬತ್ತಕ್ಕೆ. ಬಿಲ್ಲು ನೋಡಿ, ಜಾಹೀರಾತು ಪ್ರಕಟವಾದ ಪತ್ರಿಕೆಯ ಪ್ರತಿಗಳನ್ನು ಎಣಿಸಿ, ಎರಡನೇ ಪ್ರತಿಯ ಮೇಲೆ ನಮ್ಮ ಸೀಲು ಇಲ್ಲ ಅಂದರು. ಹೋದ ತಿಂಗಳು ಅವರೇ ಒಂದು ಸೀಲು ಸಾಕು ಅಂದಿದ್ದರು. ವಾದ ಮಾಡಿದರೆ ಫೈಲು ಕೆಳಗೆ ಹೋಗುತ್ತದೆ ಎಂಬ ಜ್ಞಾನ ನನಗಿದೆ. "ಸಾಹೇಬ್ರು ವಿಸಿದಾಗ ಅದಾರ. ಸೀಲ್ ಹಾಕ್ಕೊಂಡು ಹನ್ನೆರಡೂವರಿಗೆ ಬರ್ರಿ. ಒಂದೂವರಿ ಆಯ್ತಂದ್ರ ನಿಲ್ಲಂಗಿಲ್ಲ ನೋಡ್ರಿ." ಅಲ್ಲಿಂದ ನಮ್ಮ ಕಚೇರಿಗೆ, ಸೀಲಿಗೆ. ಅಲ್ಲಿಂದ ಬ್ಯಾಂಕಿಗೆ, ಅಲ್ಲಿ ಸರ್ವರ್ ಡೌನ್. ಮುಕ್ಕಾಲು ಗಂಟೆ ಕೂತೆ. ಎಸಿ ಇತ್ತು, ಹಾಗಾಗಿ ಯಾರೂ ಜಗಳವಾಡಲಿಲ್ಲ. ನನ್ನ ಪಕ್ಕದ ಮುದುಕರಂತೂ ಕೆಲಸ ಮುಗಿದ ಮೇಲೂ ಏಳಲಿಲ್ಲ.

ಇಲ್ಲೊಂದು ಮಾತು. ಬ್ಯಾಂಕಿನ ಹೊರಗೆ ಆಟೊದಲ್ಲಿ ಕೂತವರಿಗೆ ನನ್ನ ಬಾಟಲಿ ಕೊಟ್ಟೆ. ಎರಡು ಗುಟುಕು ಕುಡಿದು ವಾಪಸ್ ಕೊಟ್ಟರು. ನಾನೂ ಅಷ್ಟೇ ಕುಡಿದಿದ್ದು. ಊರೆಲ್ಲ ತಿರುಗುವ ಹೆಂಗಸರು ನೀರು ಯಾಕೆ ಕಡಿಮೆ ಕುಡಿಯುತ್ತೇವೆ ಎಂದು ನಮ್ಮ ಗುಂಪಿನ ಹುಡುಗಿಯರಿಗೆ ವಿವರಿಸಬೇಕಿಲ್ಲ. ‘ಹೆಚ್ಚು ನೀರು ಕುಡಿಯಿರಿ’ ಎಂಬ ಸೂಚನೆಯನ್ನು ಪ್ರತಿ ಮಾರ್ಚ್‌ನಲ್ಲಿ ನಾನೇ ಟೈಪ್ ಮಾಡುತ್ತೇನೆ. ಕುಡಿದ ಮೇಲೆ ಹೋಗುವುದೆಲ್ಲಿಗೆ ಎಂಬ ಸಾಲು ಆ ಪ್ರಕಟಣೆಯಲ್ಲಿ ಇರುವುದಿಲ್ಲ.

ಗಂಜ್‌ಗೆ ಹೋಗುವಾಗ ಹನ್ನೊಂದೂಕಾಲು. ಹಮಾಲರು ಕೆಲಸ ನಿಲ್ಲಿಸಿ ಗೋದಾಮಿನ ನೆರಳಿನಲ್ಲಿ ಗೋಣಿಚೀಲ ಹಾಸಿಕೊಂಡು ಮಲಗಿದ್ದರು. ಬೆಳಗ್ಗೆ ಆರಕ್ಕೆ ಶುರು ಮಾಡಿ ಹನ್ನೊಂದಕ್ಕೆ ಬಿಟ್ಟು, ಮತ್ತೆ ನಾಲ್ಕರ ಮೇಲೆ ಎತ್ತುತ್ತಾರಂತೆ. ಇವರಿಗೆ ಆದೇಶ ಹೊರಡಿಸಿದವರು ಯಾರೂ ಇಲ್ಲ, ಒಟ್ಟಿಗೆ ಇದ್ದಾರೆ, ಒಟ್ಟಿಗೆ ನಿಲ್ಲಿಸುತ್ತಾರೆ, ಅಷ್ಟೆ. ಒಂಟಿಯಾಗಿ ದುಡಿಯುವ ಆಟೊದವನಿಗೆ, ತಳ್ಳುಗಾಡಿಯವಳಿಗೆ ಅದು ಆಗುವುದಿಲ್ಲ.

ಅಲ್ಲೇ ಫೋಟೊ ತೆಗೆದೆ. ಸಂಪಾದಕರಿಗೆ ಬೇಕಾಗಿದ್ದು ಮುಖಕ್ಕೆ ದುಪಟ್ಟಾ ಸುತ್ತಿಕೊಂಡ ಕಾಲೇಜು ಹುಡುಗಿಯರು, ಇಲ್ಲವೆ ಎಳನೀರು ಕುಡಿಯುವ ಮಗು. ಬಿಸಿಲಿನ ಸುದ್ದಿ ಎಂದರೆ ನಮ್ಮಲ್ಲಿ ಈ ಎರಡೇ ಚಿತ್ರ. ಮೊಬೈಲ್ 43 ಡಿಗ್ರಿ ತೋರಿಸುತ್ತಿತ್ತು. ಈ ಅಂಕಿಯ ಬಗ್ಗೆಯೂ ಸ್ವಲ್ಪ ಹೇಳಬೇಕು. ಹವಾಮಾನ ಕೇಂದ್ರದವರು ಅಳೆಯುವುದು ಗಾಳಿಯ ಬಿಸಿಯನ್ನು. ನೆಲದಿಂದ ನಾಲ್ಕಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿ ಮರದ ಪೆಟ್ಟಿಗೆಯೊಳಗೆ. ಅಂದರೆ ಅದು ನೆರಳಿನ ಲೆಕ್ಕ. ಡಾಂಬರು ರಸ್ತೆಯ ಮೈ ಇಂಥ ದಿನ 60 ಡಿಗ್ರಿ ದಾಟುತ್ತದೆ. ಇನ್ನೊಂದು, 43 ಇದ್ದರೂ ಅದು ಇಲ್ಲಿ ಅಧಿಕೃತವಾಗಿ ‘ಬಿಸಿಗಾಳಿ’ ಆಗದೇ ಇರಬಹುದು. ಭಾರತೀಯ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಬಯಲು ಪ್ರದೇಶದಲ್ಲಿ ಕನಿಷ್ಠ 40 ಡಿಗ್ರಿ ಇರಬೇಕು, ಜೊತೆಗೆ ವಾಡಿಕೆಗಿಂತ ನಾಲ್ಕೂವರೆ ಡಿಗ್ರಿ ಹೆಚ್ಚಿರಬೇಕು, ಇಲ್ಲವೆ ನೇರವಾಗಿ 45 ಮುಟ್ಟಬೇಕು. ಮೇ ತಿಂಗಳಲ್ಲಿ ಕಲಬುರಗಿಯ ವಾಡಿಕೆಯೇ ಸುಮಾರು 40. ನಮ್ಮ ಕರಾವಳಿಗಾದರೆ 37 ಇದ್ದು, ವಾಡಿಕೆಗಿಂತ ಅಷ್ಟೇ ಹೆಚ್ಚಾದರೆ ಸಾಕು. ಬಿಸಿಲು ಅಭ್ಯಾಸವಾದ ಊರಿಗೆ ಎಚ್ಚರಿಕೆಯ ಗಂಟೆ ತಡವಾಗಿ ಹೊಡೆಯುತ್ತದೆ.

ಗಂಜ್ ಬಿಟ್ಟು ಹೊರಟಾಗ ಹನ್ನೆರಡು ಕಳೆದಿತ್ತು. ಸೂಪರ್ ಮಾರ್ಕೆಟ್ ಕಡೆ ತಿರುಗಬೇಕಾದವರು ನೇರ ಹೋದರು. ಹೇಳಿದೆ. "ಹೂಂರಿ" ಅಂದು ಮತ್ತೂ ನೇರವೇ ಹೋದರು. ಇಪ್ಪತ್ತೈದು ವರ್ಷ ಇದೇ ಊರಿನಲ್ಲಿ ಆಟೊ ಓಡಿಸಿದವರು. ಎರಡನೇ ಸಲ ಜೋರಾಗಿ ಹೇಳಿದಾಗ ಬಂದ ಉತ್ತರ ನನಗೆ ಅರ್ಥವಾಗಲಿಲ್ಲ, ನಾಲಿಗೆ ಹೊರಳುತ್ತಿರಲಿಲ್ಲ. ಬ್ರೇಕು ಹಾಕಿ ಬದಿಗೆ ನಿಲ್ಲಿಸಿದ್ದು ಅವರೇ, ಅಷ್ಟು ಅಭ್ಯಾಸ ಕೈಯಲ್ಲಿ ಉಳಿದಿತ್ತು. ಆಮೇಲೆ ಹ್ಯಾಂಡಲ್ ಮೇಲೆ ತಲೆ ಇಟ್ಟರು.

ಮುಟ್ಟಿ ನೋಡಿದೆ. ಮೈ ಸುಡುತ್ತಿತ್ತು, ಬೆವರಿನ ಪಸೆ ಇರಲಿಲ್ಲ. ಹಿಂದಿನ ವಾರವಷ್ಟೇ ಆರೋಗ್ಯ ಇಲಾಖೆಯ ಪತ್ರಿಕಾಗೋಷ್ಠಿಯಲ್ಲಿ ಕೂತು ಬರೆದುಕೊಂಡಿದ್ದೆ. ಸುಸ್ತು, ತಲೆಸುತ್ತು, ಬೆವರು ಇದ್ದರೆ ಅದು ಬಳಲಿಕೆ. ಮಾತು ತೊದಲಿ, ಗೊಂದಲವಾದರೆ ಬಿಸಿಲಿನಾಘಾತ, ಅಲ್ಲಿಂದ ಮುಂದೆ ಪ್ರತಿ ನಿಮಿಷವೂ ಲೆಕ್ಕ. ಮೊದಲು ಮೈ ತಣ್ಣಗಾಗಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು, ಶ್ವಾಸಕೋಶಕ್ಕೆ ಹೋಗುತ್ತದೆ.

ಎದುರಿಗೆ ಕಬ್ಬಿನ ಹಾಲಿನ ಅಂಗಡಿ. ಅಲ್ಲಿದ್ದ ಇಬ್ಬರು ಹುಡುಗರು ಕೂಗಿದ ಕೂಡಲೇ ಬಂದರು. ಅವರನ್ನು ಎತ್ತಿ ತಗಡಿನ ಕೆಳಗೆ ಮಲಗಿಸಿ, ಅಂಗಿಯ ಗುಂಡಿ ಬಿಚ್ಚಿದೆವು. ಪಕ್ಕದ ಅರವಟಿಗೆಯ ಮಡಕೆ ನೀರು ಮೈಮೇಲೆ ಸುರಿದೆವು. ಅಂಗಡಿಯವನು ಗೋಣಿತಟ್ಟಿನಲ್ಲಿ ಸುತ್ತಿಟ್ಟಿದ್ದ ಐಸ್ ಗಡ್ಡೆಯನ್ನು ಒಡೆದು ಕೊಟ್ಟ. ಟವೆಲ್ಲಿನಲ್ಲಿ ಕಟ್ಟಿ ಕುತ್ತಿಗೆಗೆ, ಕಂಕುಳಿಗೆ ಇಟ್ಟೆವು. ಯಾರೋ ನೀರು ಕುಡಿಸಲು ಬಂದರು, ಯಾರೋ ಚಪ್ಪಲಿಯ ವಾಸನೆ ತೋರಿಸಲು ಬಂದರು, ಇಬ್ಬರನ್ನೂ ತಡೆಯಬೇಕಾಯಿತು. ಗಾಳಿ ಹಾಕಲು ಏನಾದರೂ ಬೇಕಿತ್ತು. ನನ್ನ ಬ್ಯಾಗಿನಲ್ಲಿ ಬಿಲ್ಲಿಗೆ ಲಗತ್ತಿಸಿದ ಪತ್ರಿಕೆಯ ಪ್ರತಿಗಳಿದ್ದವು. ಎರಡೆರಡು ಸೀಲು ಹಾಕಿಸಿಕೊಂಡವು. ಅವನ್ನೇ ಮಡಿಸಿ ಹುಡುಗರ ಕೈಗೆ ಕೊಟ್ಟು 108ಕ್ಕೆ ಫೋನ್ ಮಾಡಿದೆ.

ಆಂಬುಲೆನ್ಸ್ ಬರುವಷ್ಟರಲ್ಲಿ ಅವರ ಮೊಬೈಲಿನಲ್ಲಿ ‘ಮನಿ’ ಎಂದು ಸೇವ್ ಆಗಿದ್ದ ನಂಬರಿಗೆ ಹೇಳಿದ್ದೆ. ಆ ಕಡೆಯ ಹೆಂಗಸು ಒಂದು ಕ್ಷಣ ಸುಮ್ಮನಿದ್ದು, "ಬಿಪಿ ಗುಳಿಗಿ ತಗೊಂಡಾರ" ಅಂದರು. ಆಸ್ಪತ್ರೆಯಲ್ಲಿ ವೈದ್ಯರು ಮೊದಲು ಕೇಳಿದ್ದೂ ಅದನ್ನೇ. ಮೂತ್ರ ಹೆಚ್ಚಿಸುವ ಜಾತಿಯ ಬಿಪಿ ಮಾತ್ರೆ ತಿನ್ನುವವರ ಮೈಯಿಂದ ನೀರು, ಉಪ್ಪು ಮೊದಲೇ ಖಾಲಿಯಾಗುತ್ತಿರುತ್ತದೆ. ಐಸು, ಒದ್ದೆ ಬಟ್ಟೆ ಆದ ಮೇಲೂ ಜ್ವರದ ಕಡ್ಡಿ 40 ದಾಟಿತ್ತು. ಸಲೈನ್ ಹಾಕಿದರು, ಒದ್ದೆ ಬಟ್ಟೆ ಹೊದಿಸಿ ಫ್ಯಾನ್ ಹತ್ತಿರ ಎಳೆದರು.

ಗೋಡೆಯ ಗಡಿಯಾರದಲ್ಲಿ ಒಂದು ಗಂಟೆ ಹತ್ತು ನಿಮಿಷ. ವಿಷಯ ನಿರ್ವಾಹಕರಿಗೆ ಫೋನ್ ಮಾಡಿದೆ. ಸಾಹೇಬರು ಕುರ್ಚಿಯಲ್ಲೇ ಇದ್ದರಂತೆ. ಪರಿಸ್ಥಿತಿ ಹೇಳಿದೆ. "ಅಯ್ಯೋ ಪಾಪ" ಎಂದು ಮನಃಪೂರ್ವಕವಾಗಿಯೇ ಅಂದರು. ಸ್ವಲ್ಪ ನಿಲ್ಲುತ್ತಾರಾ ಎಂದು ಕೇಳಿದೆ. "ಅದು ಆಗಂಗಿಲ್ರಿ."

ಅವರ ಹೆಂಡತಿ ಎರಡರ ಹೊತ್ತಿಗೆ ಬಂದರು. ಗಂಡನ ಮುಖ ನೋಡಿದರು, ಪಾದ ಮುಟ್ಟಿ ನೋಡಿದರು. ಅವರು ಕಣ್ಣು ಬಿಟ್ಟು ಹೆಸರು ಹಿಡಿದು ಕರೆದಾಗ ಸೆರಗಿನಿಂದ ಕಣ್ಣೊರೆಸಿಕೊಂಡರು. ಅದಾದ ಮೇಲೆ ನನ್ನ ಕಡೆ ತಿರುಗಿ ಕೇಳಿದ ಮೊದಲ ಪ್ರಶ್ನೆ, "ಆಟೊ ಎಲ್ಲದರಿ?" ಆಟೊ ಅವರದಲ್ಲ. ದಿನಕ್ಕೆ 300 ರೂಪಾಯಿ ಬಾಡಿಗೆ, ಓಡಲಿ ಬಿಡಲಿ ಸಂಜೆ ಮಾಲೀಕನಿಗೆ ಕೊಡಬೇಕು. ನನ್ನ 400 ಅಲ್ಲೇ ಕೊಟ್ಟೆ. ಗ್ಯಾಸು, ಬಾಡಿಗೆ ಕಳೆದರೆ ಅದರಲ್ಲಿ ಉಳಿಯುವುದು ಏನೂ ಇರಲಿಲ್ಲ. ಮೂರೂವರೆಗೆ ಮಗ ಬಂದ. ಪಿಯುಸಿ ಮುಗಿಸಿದ ಹುಡುಗ, ಲೈಸೆನ್ಸ್ ಆಗಿ ಎರಡು ತಿಂಗಳಂತೆ. ಅಪ್ಪನ ಹತ್ತಿರ ಐದು ನಿಮಿಷ ನಿಂತು, ಕೀಲಿ ಇಸಕೊಂಡು ಹೊರಟ. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ನೀರಿನ ಬಾಟಲಿ ಅವನ ಕೈಗೆ ಕೊಟ್ಟೆ. ಮೊಬೈಲ್ ಆಗಲೂ 43 ತೋರಿಸುತ್ತಿತ್ತು.

ವೈದ್ಯರು ಕೇಸ್ ಶೀಟಿನಲ್ಲಿ ಬಿಸಿಲಿನಾಘಾತ ಎಂದು ಬರೆದು ಮುಂದೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಯಾಕೆಂದು ಕೇಳಿದೆ. ಬೇರೆ ಪರೀಕ್ಷೆಗಳು ಬರುವವರೆಗೆ ಹಾಗೇ ಬರೆಯಬೇಕು ಅಂದರು. ಮತ್ತೆ ತಾವಾಗಿಯೇ ಹೇಳಿದರು: ಇದೇ ಮನುಷ್ಯ ಸುಸ್ತು ಅಂತ ಮನೆಗೆ ಹೋಗಿ ಮಲಗಿ ಸಂಜೆ ಏಳದೇ ಇದ್ದಿದ್ದರೆ ಹೃದಯಾಘಾತ ಎಂದಾಗುತ್ತಿತ್ತು. ಬಿಸಿಲಿನ ಲೆಕ್ಕಕ್ಕೆ ಬರುತ್ತಲೇ ಇರಲಿಲ್ಲ. ಇದು ನನ್ನ ಆವತ್ತಿನ ಕೋಟ್. ಹೆಸರು ಹಾಕಬೇಡಿ ಅಂದರು.

ಎಂಟುನೂರು ಪದ ಬರೆದೆ, ಐದನೇ ಪುಟದಲ್ಲಿ ಇನ್ನೂರು ಬಂತು. ಹಮಾಲರ ಫೋಟೊ ಬದಲು ಹಳೆಯ ಫೈಲಿನಿಂದ ದುಪಟ್ಟಾದ ಹುಡುಗಿಯರು ಬಂದರು. ಸಂಪಾದಕರ ಮೇಲೆ ನನಗೆ ಸಿಟ್ಟಿಲ್ಲ, ಬಿಲ್ಲಿನ ವಿಷಯದಲ್ಲಿ ಅವರು ಒಂದು ಮಾತೂ ಆಡಲಿಲ್ಲ, ಎರಡು ಸಲ ಫೋನ್ ಮಾಡಿ ಆಟೊದವರು ಹೇಗಿದ್ದಾರೆ ಎಂದು ಕೇಳಿದರು. ಆದರೆ ಆ ಪದಗಳು ಎಲ್ಲಿ ಹೋದವು ಎಂಬ ಪ್ರಶ್ನೆ ಇದ್ದೇ ಇದೆ. ಅದರಲ್ಲಿ ಕೆಲವನ್ನು ಇಲ್ಲಿ ಸೇರಿಸಿದ್ದೇನೆ.

ನಾಲ್ಕನೇ ದಿನ ಅವರು ಮನೆಗೆ ಬಂದರು, ಜೂನ್ ಎರಡನೇ ವಾರ ಮತ್ತೆ ಆಟೊ ಹತ್ತಿದರು. ಈಗ ಹನ್ನೊಂದಕ್ಕೆ ಬಿಟ್ಟು ನಾಲ್ಕಕ್ಕೆ ತೆಗೆಯುತ್ತಾರೆ, ನಡುವಿನ ಹೊತ್ತು ಮಗನದು. ವೈದ್ಯರು ಮಾತ್ರೆ ಬದಲಿಸಿದ್ದಾರೆ. ಒಂದು ಲೀಟರ್ ನೀರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂದು ಅವರ ಹೆಂಡತಿಗೆ ಬರೆದುಕೊಟ್ಟಿದ್ದೆ, ಆ ಚೀಟಿ ಆಟೊದ ಕನ್ನಡಿಯ ಪಕ್ಕ ಅಂಟಿದೆ. ಉಳ್ಳಾಗಡ್ಡಿಯೂ ಕಿಸೆಯಲ್ಲೇ ಇದೆ.

ನಮ್ಮ ಬಿಲ್ಲಿಗೆ ಹೊಸ ಪ್ರತಿಗಳನ್ನು ಕೇಂದ್ರ ಕಚೇರಿಯಿಂದ ತರಿಸಿ, ಮತ್ತೆ ಎರಡೆರಡು ಸೀಲು ಹಾಕಿ, ಜೂನ್ ಕೊನೆಯಲ್ಲಿ ಸಹಿ ಆಯಿತು. ಸಂಬಳ ಎರಡು ಕಂತಿನಲ್ಲಿ ಬಂತು. ಆಟೊ ಬಾಡಿಗೆಯ 400 ರೂಪಾಯಿಯನ್ನು ಮಾತ್ರ ರಸೀದಿ ಇಲ್ಲವೆಂದು ಅಕೌಂಟ್ಸ್‌ನವರು ವಾಪಸ್ ಕಳಿಸಿದ್ದಾರೆ.